ವೃತ್ತಿಪರ ಸಂಘದ ಮೂರು ಹೊಣೆಗಳು: ಹೊಸ ಪದಾಧಿಕಾರಿಗಳಿಗೆ ಹಂತಹಂತದ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ವೈದ್ಯರು, ಎಂಜಿನಿಯರುಗಳು, ವಕೀಲರು, ವಾಸ್ತುಶಿಲ್ಪಿಗಳು, ಲೆಕ್ಕಪರಿಶೋಧಕರು ಕಟ್ಟಿಕೊಂಡಿರುವ ಸಂಘಗಳಲ್ಲಿ ಪದಾಧಿಕಾರಿಗಳು ಬದಲಾದಾಗಲೆಲ್ಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಸಂಘಕ್ಕೆ ಸಾಮಾಜಿಕ, ಪರಿಸರ ಮತ್ತು ಹಣಕಾಸಿನ ಹೊಣೆ ಇದೆ ಎನ್ನುತ್ತಾರಲ್ಲ, ಅದನ್ನು ನಾವು ಎಲ್ಲಿಂದ ಶುರುಮಾಡಬೇಕು? ಹೀಗೆ ಕೇಳುವವರ ಮನಸ್ಸಿನಲ್ಲಿ ಬಹುಮಟ್ಟಿಗೆ ಒಂದು ರಕ್ತದಾನ ಶಿಬಿರವೂ ಜೂನ್ ತಿಂಗಳಲ್ಲಿ ಸಸಿ ನೆಡುವ ಒಂದು ಕಾರ್ಯಕ್ರಮವೂ ಇರುತ್ತವೆ. ಅವು ಒಳ್ಳೆಯ ಕೆಲಸಗಳೇ. ಆದರೆ ಸಂಘದ ಹೊಣೆಯ ಬಹುಪಾಲು ಅಡಗಿರುವುದು ಅದು ಹೇಗೂ ಮಾಡುತ್ತಿರುವ ದಿನನಿತ್ಯದ ವ್ಯವಹಾರದಲ್ಲಿ. ಸದಸ್ಯರ ವರ್ಗಣಿ (ಸದಸ್ಯತ್ವದ ವಂತಿಗೆ) ಯಾರ ಖಾತೆಗೆ ಬೀಳುತ್ತದೆ, ಠೇವು (ಠೇವಣಿ) ಯಾವ ಸಂಸ್ಥೆಯಲ್ಲಿದೆ, ಸಭಾಭವನ ಗುಡಿಸುವವರಿಗೆ ಎಷ್ಟು ಸಂಬಳ ಸಿಗುತ್ತದೆ, ವಾರ್ಷಿಕ ಸಮ್ಮೇಳನ ಮುಗಿದ ಮರುದಿನ ಅಂಗಳದಲ್ಲಿ ಏನೇನು ಬಿದ್ದಿರುತ್ತದೆ ಎಂಬುದನ್ನು ನೋಡಿದರೆ ಆ ಸಂಘ ಎಷ್ಟು ಹೊಣೆಯರಿತದ್ದು ಎಂದು ತಿಳಿಯುತ್ತದೆ. ಈ ಲೇಖನ ಆ ಕ್ರಮದಲ್ಲಿಯೇ ಸಾಗುತ್ತದೆ. ಹಣದ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಲೆಕ್ಕ ಸರಿಯಿಲ್ಲದ ಸಂಘದ ಸಮಾಜಸೇವೆಯನ್ನು ಸದಸ್ಯರೇ ನಂಬುವುದಿಲ್ಲ.

ಮೊದಲು ಕೈಯಲ್ಲಿರಬೇಕಾದ ಕಾಗದಪತ್ರಗಳು

ನೋಂದಣಿ ಪ್ರಮಾಣಪತ್ರ, ತಿದ್ದುಪಡಿಗಳೆಲ್ಲ ಸೇರಿದ ಬೈಲಾ, ಪ್ಯಾನ್ ಕಾರ್ಡ್, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಸದಸ್ಯರ ಪಟ್ಟಿ ಮತ್ತು ನಡವಳಿ ಪುಸ್ತಕ (ಸಭೆಯ ಠರಾವುಗಳನ್ನು, ಅಂದರೆ ನಿರ್ಣಯಗಳನ್ನು, ಬರೆದಿಡುವ ವಹಿ) ಇಷ್ಟನ್ನು ಒಂದೆಡೆ ತನ್ನಿ. ಸಂಘಕ್ಕೆ ಸ್ವಂತ ಕಟ್ಟಡವಿದ್ದರೆ ಅದರ ಉತಾರ (ಆಸ್ತಿಯ ದಾಖಲೆ), ಪಾಲಿಕೆಯ ತೆರಿಗೆ ರಸೀದಿ ಮತ್ತು ಹೆಸ್ಕಾಂನ (ವಿದ್ಯುತ್ ಸರಬರಾಜು ಕಂಪನಿ) ಹನ್ನೆರಡು ತಿಂಗಳ ಬಿಲ್ಲುಗಳೂ ಬೇಕು. ಹಿಂದಿನ ಕಾರ್ಯದರ್ಶಿಯ ಮನೆಯಲ್ಲಿರುವ ಕಡತಗಳನ್ನು ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಪಡೆಯಿರಿ. ಸ್ನೇಹಕ್ಕೆ ಅಂಜಿ ಈ ಪಟ್ಟಿಯನ್ನು ಬಿಟ್ಟುಬಿಡುವವರೇ ಹೆಚ್ಚು.

ಹಂತ 1: ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಸಂಘ ಏನು?

ನಿಮ್ಮದು ರಾಷ್ಟ್ರಮಟ್ಟದ ಅಥವಾ ರಾಜ್ಯಮಟ್ಟದ ಸಂಸ್ಥೆಯ ಶಾಖೆಯೋ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತ್ಯೇಕವಾಗಿ ನೋಂದಾಯಿತವಾದ ಸಂಘವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪ್ರತ್ಯೇಕ ನೋಂದಣಿಯಿಲ್ಲದ ಶಾಖೆಯ ಲೆಕ್ಕ ಮಾತೃಸಂಸ್ಥೆಯ ಲೆಕ್ಕದಲ್ಲಿ ಸೇರಬೇಕಾಗುತ್ತದೆ. ಅಂಥ ಶಾಖೆ ತನ್ನದೇ ಬೇರೆ ಪ್ಯಾನ್‌ನಲ್ಲಿ ವ್ಯವಹಾರ ನಡೆಸುತ್ತಿದ್ದರೆ ಆ ಎರಡು ಲೆಕ್ಕಗಳು ಎಂದಾದರೊಂದು ದಿನ ಎದುರುಬದುರಾಗುತ್ತವೆ. ಸ್ವತಂತ್ರವಾಗಿ ನೋಂದಾಯಿತವಾಗಿದ್ದರೆ ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸುವುದು, ಆ ಸಭೆಯ ನಂತರ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರಗಳನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸುವುದು ನಿಮ್ಮ ಕಾನೂನುಬದ್ಧ ಹೊಣೆ.

ಇಲ್ಲಿ ಎಡವುವ ಸಂಘಗಳು ಬಹಳ. ಸಭೆ ನಡೆಯುತ್ತದೆ, ಊಟವೂ ಆಗುತ್ತದೆ, ಆದರೆ ಕಾಗದ ಕಚೇರಿಗೆ ಹೋಗುವುದಿಲ್ಲ. ಹಲವು ವರ್ಷಗಳ ಬಾಕಿ ಉಳಿದ ಸಂಗತಿ ಹೊರಬರುವುದು ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸುವಾಗ ಅಥವಾ ನಿವೇಶನಕ್ಕೆ ಅರ್ಜಿ ಹಾಕುವಾಗ. ಸಂಘದ ವ್ಯವಹಾರದ ಬಗ್ಗೆ ವಿಚಾರಣೆ ನಡೆಸುವ ಅಧಿಕಾರ ನೋಂದಣಾಧಿಕಾರಿಗೆ ಇದೆ, ಪರಿಸ್ಥಿತಿ ಕೆಟ್ಟರೆ ಸರ್ಕಾರ ಆಡಳಿತಾಧಿಕಾರಿಯನ್ನೂ ನೇಮಿಸಬಹುದು ಎಂಬುದು ನೆನಪಿರಲಿ.

ಇದೇ ಹಂತದಲ್ಲಿ ಕಾರ್ಯಕಾರಿ ಸಮಿತಿಯಲ್ಲಿ ಒಂದು ಠರಾವು ಮಾಡಿ: ಹಣಕಾಸಿಗೆ ಒಬ್ಬರು, ಸಾಮಾಜಿಕ ವಿಷಯಗಳಿಗೆ ಒಬ್ಬರು, ಕಟ್ಟಡ ಮತ್ತು ಪರಿಸರಕ್ಕೆ ಒಬ್ಬರು, ಹೀಗೆ ಹೆಸರು ಹಿಡಿದು ಹೊಣೆ ಹಂಚಿ. ಏಳೆಂಟು ಜನರ ಉಪಸಮಿತಿ ರಚಿಸುವ ಉತ್ಸಾಹವನ್ನು ತಡೆದುಕೊಳ್ಳಿ. ಎಲ್ಲರೂ ಇರುವ ಸಮಿತಿಯಲ್ಲಿ ಕೇಳಿದಾಗ ಉತ್ತರಿಸುವವರು ಯಾರೂ ಇರುವುದಿಲ್ಲ.

ಹಂತ 2: ಹಣ ಬರುವ ದಾರಿ, ಹೋಗುವ ದಾರಿ

ಸಂಘಕ್ಕೆ ಬರುವ ಪ್ರತಿ ರೂಪಾಯಿಯೂ ಸಂಘದ ಹೆಸರಿನ ಬ್ಯಾಂಕ್ ಖಾತೆಗೇ ನೇರವಾಗಿ ಬೀಳಬೇಕು. ಹೇಳಲು ಇದು ತೀರ ಸರಳವೆನಿಸಿದರೂ ಈಗ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ. ಸಮ್ಮೇಳನದ ನೋಂದಣಿ ಶುಲ್ಕವನ್ನು ಖಜಾಂಚಿಯ ಸ್ವಂತ ಮೊಬೈಲಿನ ಯುಪಿಐಗೆ ಹಾಕಿಸಿಕೊಳ್ಳುವುದು, ನಂತರ ಅಲ್ಲಿಂದಲೇ ಶಾಮಿಯಾನದವರಿಗೆ, ಅಡುಗೆಯವರಿಗೆ ಕೊಟ್ಟು, ಉಳಿದದ್ದನ್ನು ಸಂಘದ ಖಾತೆಗೆ ವರ್ಗಾಯಿಸುವುದು ಬಹಳ ಕಡೆ ರೂಢಿಯಾಗಿದೆ. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಹಣ ಅವರ ಸ್ವಂತ ಖಾತೆಯ ಜಮೆಯಾಗಿ ಆದಾಯ ತೆರಿಗೆ ಇಲಾಖೆಗೆ ಕಾಣುತ್ತದೆ, ಸಂಘದ ಲೆಕ್ಕದಲ್ಲಿ ಜಮಾ-ಖರ್ಚು ಎರಡೂ ಅಳಿಸಿಹೋಗಿ ಶಿಲ್ಕು ಮಾತ್ರ ಉಳಿಯುತ್ತದೆ. ಬ್ಯಾಂಕಿನಿಂದ ಸಂಘದ ಹೆಸರಿನ ಕ್ಯೂಆರ್ ಫಲಕ ಪಡೆದರೆ ಈ ತೊಡಕೇ ಇಲ್ಲ.

ಹಣ ಹೋಗುವ ಕಡೆಗೆ ಮೂರು ಕಟ್ಟುಪಾಡುಗಳು ಸಾಕು. ಒಂದನೆಯದು, ಚೆಕ್ಕಿಗಿರಲಿ, ಆನ್‌ಲೈನ್ ಪಾವತಿಗಿರಲಿ, ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಸೌಲಭ್ಯವನ್ನು ಬ್ಯಾಂಕುಗಳು ಸಂಸ್ಥೆಗಳ ಖಾತೆಗೆ ಕೊಡುತ್ತವೆ, ಅದನ್ನು ಕೇಳಿ ಪಡೆಯಿರಿ. ಎರಡನೆಯದು, ಕಾರ್ಯಕಾರಿ ಸಮಿತಿ ನಿಗದಿಪಡಿಸಿದ ಮೊತ್ತವನ್ನು ಮೀರಿದ ಖರೀದಿಗೆ ಮೂರು ದರಪಟ್ಟಿ ತರಿಸಿ, ಯಾವುದನ್ನು ಯಾಕೆ ಆರಿಸಿದಿರಿ ಎಂಬುದನ್ನು ನಡವಳಿಯಲ್ಲಿ ಬರೆಯಿರಿ. ಮೂರನೆಯದು ಸ್ವಹಿತದ ಘೋಷಣೆ, ಅಂದರೆ ಪದಾಧಿಕಾರಿಗೆ ಅಥವಾ ಅವರ ಮನೆಯವರಿಗೆ ಲಾಭವಾಗುವ ವ್ಯವಹಾರವಿದ್ದರೆ ಅದನ್ನು ಸಭೆಯಲ್ಲಿ ಮುಂಚೆಯೇ ತಿಳಿಸಿ, ಆ ನಿರ್ಣಯದಿಂದ ಹೊರಗುಳಿಯುವುದು. ನಮ್ಮದು ದೊಡ್ಡ ಊರಲ್ಲ; ಮುದ್ರಣಾಲಯ ಒಬ್ಬ ಸದಸ್ಯರ ತಮ್ಮನದು, ಕಲ್ಯಾಣ ಮಂಟಪ ಇನ್ನೊಬ್ಬರ ಬೀಗರದು ಆಗಿರುವುದು ಸಹಜ. ಅವರೊಂದಿಗೆ ವ್ಯವಹಾರ ಮಾಡಲೇಬಾರದೆಂದಿಲ್ಲ. ಹೇಳದೆ ಮಾಡಬಾರದು, ಅಷ್ಟೇ.

ನಗದು ವ್ಯವಹಾರವನ್ನು ಸಣ್ಣಪುಟ್ಟ ಖರ್ಚಿಗೆ ಸೀಮಿತಗೊಳಿಸಿ. ಒಬ್ಬರಿಂದ ಒಂದೇ ದಿನ ಅಥವಾ ಒಂದೇ ಕಾರ್ಯಕ್ರಮಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ದಂಡವೂ ಪಡೆದ ಮೊತ್ತದಷ್ಟೇ ಇರುತ್ತದೆ. ಕಟ್ಟಡ ನಿಧಿಗೆ ಹಿರಿಯರೊಬ್ಬರು ನೋಟಿನ ಕಟ್ಟು ತಂದು ವೇದಿಕೆಯ ಮೇಲೆ ಕೊಡುವ ಸಂದರ್ಭದಲ್ಲಿ ಈ ಮಾತು ಯಾರಿಗೂ ನೆನಪಾಗುವುದಿಲ್ಲ.

ಹಂತ 3: ಠೇವು ಎಲ್ಲಿಡಬೇಕು?

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿ ನಾಡಿಗೆ ದಾರಿ ತೋರಿದ ಪ್ರದೇಶ ನಮ್ಮದು. ಪತ್ತಿನ ಸಹಕಾರ ಸಂಘಗಳ ಮೇಲೆ, ಸೌಹಾರ್ದ ಸಹಕಾರಿಗಳ ಮೇಲೆ ಇಲ್ಲಿನವರಿಗೆ ನಂಬಿಕೆ ಇರುವುದು ಸಹಜ, ಅವುಗಳ ಬಡ್ಡಿದರವೂ ಬ್ಯಾಂಕಿಗಿಂತ ಹೆಚ್ಚಿರುತ್ತದೆ. ಹಾಗಿದ್ದರೂ ಸಂಘದ ಆಜೀವ ಸದಸ್ಯತ್ವದ ಹಣವನ್ನು ಅಲ್ಲಿ ಇಡುವ ಮುನ್ನ ಒಂದು ವ್ಯತ್ಯಾಸ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಈ ಮಿತಿ 2020ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಪತ್ತಿನ ಸಂಘಗಳೂ ಪತ್ತಿನ ಸೌಹಾರ್ದಗಳೂ ಬ್ಯಾಂಕುಗಳಲ್ಲ, ಆದ್ದರಿಂದ ಅಲ್ಲಿನ ಠೇವಿಗೆ ಈ ವಿಮೆ ಅನ್ವಯಿಸುವುದಿಲ್ಲ.

ಇನ್ನೊಂದು ತೊಡಕು ತೆರಿಗೆಯದು. ಸಂಘವು ದತ್ತಿ ಸಂಸ್ಥೆಯಾಗಿ ಆದಾಯ ತೆರಿಗೆ ವಿನಾಯಿತಿ ಪಡೆದಿದ್ದರೆ ಅದರ ಹಣವನ್ನು ಕಾನೂನು ಪಟ್ಟಿಮಾಡಿದ ಹೂಡಿಕೆಗಳಲ್ಲಿ ಮಾತ್ರ ಇಡಬಹುದು. ಪಟ್ಟಿಯ ಹೊರಗಿನ ಹೂಡಿಕೆಯಿಂದ ವಿನಾಯಿತಿಗೇ ಧಕ್ಕೆ ಬರುತ್ತದೆ. ಬಡ್ಡಿಯಲ್ಲಿ ಶೇ. 1 ಅಥವಾ 2ರ ಲಾಭಕ್ಕಾಗಿ ಅಸಲನ್ನು ಅಪಾಯಕ್ಕೆ ಒಡ್ಡುವ ಅಧಿಕಾರ ಕಾರ್ಯಕಾರಿ ಸಮಿತಿಗೆ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಆ ಹಣ ಅವರದಲ್ಲ.

ಮುದ್ದತಿ ಠೇವುಗಳ ಒಂದು ವಹಿಯನ್ನು ಇಟ್ಟು, ರಸೀದಿ ಸಂಖ್ಯೆ, ಮೊತ್ತ, ಬಡ್ಡಿದರ, ಮುದ್ದತು ಮುಗಿಯುವ ದಿನಾಂಕ, ಯಾವ ನಿಧಿಗೆ ಸೇರಿದ್ದು ಎಂಬುದನ್ನು ಬರೆಯಿರಿ. ಕಟ್ಟಡ ನಿಧಿ, ವಿದ್ಯಾರ್ಥಿವೇತನ ನಿಧಿ, ಸದಸ್ಯರ ಕುಟುಂಬ ಪರಿಹಾರ ನಿಧಿ ಇವುಗಳನ್ನು ಒಂದಕ್ಕೊಂದು ಬೆರೆಸಬೇಡಿ. ಸಮ್ಮೇಳನದ ಕೊರತೆಯನ್ನು ಪರಿಹಾರ ನಿಧಿಯಿಂದ ತುಂಬಿ, ಮುಂದಿನ ವರ್ಷ ಮರಳಿಸುತ್ತೇವೆ ಎಂದು ಮಾಡಿದ ಠರಾವುಗಳಲ್ಲಿ ಮರಳಿದವು ಕಡಿಮೆ. ತುರ್ತಿಗೆಂದು ಕನಿಷ್ಠ ಆರು ತಿಂಗಳ ಕಚೇರಿ ಖರ್ಚಿನಷ್ಟು ಹಣ ಬೇಗ ಕೈಗೆ ಸಿಗುವಂತೆ ಇರಲಿ.

ಹಂತ 4: ತೆರಿಗೆಯ ಸ್ಥಾನಮಾನ

"ನಾವು ಲಾಭಕ್ಕಾಗಿ ನಡೆಸುವವರಲ್ಲ, ನಮಗೆ ತೆರಿಗೆ ಇಲ್ಲ" ಎಂಬ ಮಾತು ಅರ್ಧ ಸತ್ಯ. ಎರಡು ದಾರಿಗಳಿವೆ, ನೀವು ಯಾವುದರಲ್ಲಿದ್ದೀರಿ ಎಂದು ನಿಮ್ಮ ಲೆಕ್ಕಪರಿಶೋಧಕರಿಂದ ಲಿಖಿತವಾಗಿ ಪಡೆಯಿರಿ.

ಮೊದಲನೆಯದು ಪರಸ್ಪರತೆಯ ತತ್ವ: ಸದಸ್ಯರು ತಾವೇ ಹಣ ಕೂಡಿಸಿ ತಮಗಾಗಿಯೇ ಖರ್ಚು ಮಾಡಿಕೊಂಡರೆ ಅಲ್ಲಿ ಆದಾಯವೆಂಬುದು ಹುಟ್ಟುವುದಿಲ್ಲ ಎಂಬ ವಾದ. ಇದಕ್ಕೆ ಮಿತಿಗಳಿವೆ. ಬ್ಯಾಂಕಿನ ಠೇವಣಿ ಬಡ್ಡಿಗೆ ಈ ತತ್ವ ಅನ್ವಯಿಸದೆಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ವೃತ್ತಿಪರ ಸಂಘವು ಸದಸ್ಯರಿಗೆ ನಿರ್ದಿಷ್ಟ ಸೇವೆ ಒದಗಿಸಿ ಅದರಿಂದ ಗಳಿಸಿದ್ದು ವ್ಯವಹಾರದ ಆದಾಯವೆಂದೇ 1961ರ ಆದಾಯ ತೆರಿಗೆ ಕಾಯ್ದೆ ಎಣಿಸಿತ್ತು.

ಎರಡನೆಯದು ದತ್ತಿ ಸಂಸ್ಥೆಯಾಗಿ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ. ಇಲ್ಲಿ ವರ್ಷದ ಆದಾಯದ ಕನಿಷ್ಠ ಶೇ. 85 ಭಾಗವನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ಆಗದಿದ್ದರೆ ಯಾವ ಕೆಲಸಕ್ಕಾಗಿ ಕೂಡಿಡುತ್ತಿದ್ದೀರಿ ಎಂಬುದನ್ನು ಸಕಾಲದಲ್ಲಿ ತಿಳಿಸಿ, ಐದು ವರ್ಷಗಳೊಳಗೆ ಬಳಸಬೇಕು. ಸಾರ್ವಜನಿಕ ಉಪಯೋಗದ ಉದ್ದೇಶವೆಂಬ ವರ್ಗದಲ್ಲಿ ನೋಂದಾಯಿತವಾದ ಸಂಘಕ್ಕೆ ವಾಣಿಜ್ಯ ಸ್ವರೂಪದ ಗಳಿಕೆ ಒಟ್ಟು ಜಮೆಯ ಶೇ. 20ನ್ನು ಮೀರಬಾರದು. ಸಭಾಭವನವನ್ನು ಮದುವೆ, ಕುಬಸ, ನಿಶ್ಚಿತಾರ್ಥಗಳಿಗೆ ಬಾಡಿಗೆ ಕೊಡುವ ಸಂಘಗಳು ಈ ಗಡಿಯನ್ನು ಅರಿವಿಲ್ಲದೆ ದಾಟುತ್ತವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಹಳೆಯ ಕಲಂ ಸಂಖ್ಯೆಗಳನ್ನೇ ಅಚ್ಚು ಹಾಕಿಸಿದ ರಸೀದಿ ಪುಸ್ತಕಗಳಿದ್ದರೆ ಪರಿಶೀಲಿಸಿ.

ಜಿಎಸ್‌ಟಿ ವಿಚಾರದಲ್ಲಿ, ವರ್ಗಣಿ, ಪ್ರತಿನಿಧಿ ಶುಲ್ಕ, ಸ್ಮರಣ ಸಂಚಿಕೆಯ ಜಾಹೀರಾತು, ಭವನದ ಬಾಡಿಗೆ ಎಲ್ಲವನ್ನೂ ಕೂಡಿಸಿ ವರ್ಷಕ್ಕೆ 20 ಲಕ್ಷ ದಾಟುತ್ತದೆಯೇ ನೋಡಿ. ಸಂಘ ತನ್ನ ಸದಸ್ಯರಿಗೆ ನೀಡುವ ಸೇವೆಯನ್ನೂ 2021ರ ತಿದ್ದುಪಡಿ 2017ರ ಜುಲೈ 1ರಿಂದ ಪೂರ್ವಾನ್ವಯವಾಗಿ ತೆರಿಗೆಗೆ ಒಳಪಡಿಸಿತು; ಭಾರತೀಯ ವೈದ್ಯಕೀಯ ಸಂಘದ ಕೇರಳ ಶಾಖೆ ಹೂಡಿದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2025ರಲ್ಲಿ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದಿತು. ಆ ತೀರ್ಪನ್ನು ಕೇಳಿ ಇಲ್ಲಿ ಜಿಎಸ್‌ಟಿ ಕಟ್ಟುವುದನ್ನು ನಿಲ್ಲಿಸುವುದು ಅವಸರದ ಕೆಲಸ. ಲೆಕ್ಕಪರಿಶೋಧಕರ ಸಲಹೆಯನ್ನು ಲಿಖಿತವಾಗಿ ಪಡೆದೇ ಹೆಜ್ಜೆಯಿಡಿ.

ಹಂತ 5: ದೇಣಿಗೆ ಮತ್ತು ಪ್ರಾಯೋಜಕರು

ಪ್ರಾಯೋಜಕರಿಂದ ಹಣ ಪಡೆಯುವುದು ತಪ್ಪಲ್ಲ. ಯಾರಿಂದ, ಎಷ್ಟು, ಯಾವುದಕ್ಕೆ ಪ್ರತಿಯಾಗಿ ಎಂಬುದು ಸದಸ್ಯರಿಗೆ ತಿಳಿದಿರಬೇಕು. ಒಂದು ಪುಟದ ಒಪ್ಪಂದ ಬರೆಸಿ, ಉಪನ್ಯಾಸಕರನ್ನೂ ವಿಷಯವನ್ನೂ ಆಯ್ಕೆ ಮಾಡುವ ಹಕ್ಕು ಸಂಘದ್ದೇ ಎಂಬ ಮಾತನ್ನು ಅದರಲ್ಲಿ ಸೇರಿಸಿ. ವೈದ್ಯರ ಸಂಘಗಳು ವಿಶೇಷ ಎಚ್ಚರ ವಹಿಸಬೇಕು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಪ್ರಕಟಿಸಿದ ಔಷಧ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆಯ ಪ್ರಕಾರ ಉಪನ್ಯಾಸಕರಲ್ಲದ ವೈದ್ಯರ ಪ್ರಯಾಣ, ವಸತಿ ಖರ್ಚನ್ನು ಕಂಪನಿಗಳು ಭರಿಸುವಂತಿಲ್ಲ, ವಿದೇಶದಲ್ಲಿ ಇಂಥ ಕಾರ್ಯಕ್ರಮ ನಡೆಸುವಂತಿಲ್ಲ, ಮಾಡಿದ ಖರ್ಚನ್ನು ಪ್ರಕಟಿಸಬೇಕು. ಎಂಜಿನಿಯರು, ವಾಸ್ತುಶಿಲ್ಪಿಗಳ ಸಂಘಗಳಿಗೆ ಸಿಮೆಂಟ್, ಟೈಲ್ಸ್, ಬಣ್ಣದ ಕಂಪನಿಗಳು ಕೊಡುವ ಪ್ರವಾಸಗಳಿಗೆ ಅಂಥ ಸಂಹಿತೆ ಇಲ್ಲದಿದ್ದರೂ ಪ್ರಶ್ನೆ ಅದೇ. ವೃತ್ತಿಗೆ ಸಂಬಂಧಿಸಿ ವರ್ಷಕ್ಕೆ 20,000 ರೂಪಾಯಿ ಮೀರಿದ ಕೊಡುಗೆ ಕೊಟ್ಟವರು ಶೇ. 10ರಷ್ಟು ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ ಎಂಬುದನ್ನೂ ಸದಸ್ಯರಿಗೆ ತಿಳಿಸಿ.

ಅಮೆರಿಕದಲ್ಲಿ ನೆಲೆಸಿದ ಹಳೆಯ ಸಹಪಾಠಿ ಕಟ್ಟಡಕ್ಕೆ ಹಣ ಕಳಿಸುತ್ತೇನೆಂದರೆ ಮೊದಲು ಪೌರತ್ವ ಕೇಳಿ. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಕೊಡುವುದು ವಿದೇಶಿ ವಂತಿಗೆಯಾಗುವುದಿಲ್ಲ. ಅಲ್ಲಿಯ ಪೌರರಾದವರು ಕೊಟ್ಟದ್ದು, ಅವರ ಬಳಿ ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಅರ್ಜಿ ಹಾಕುವ ಸಂಘಗಳು ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮುಂಚಿತವಾಗಿ ನೋಂದಾಯಿಸಿಕೊಂಡಿರಬೇಕು, ಆದಾಯ ತೆರಿಗೆ ನೋಂದಣಿಗಳೂ ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ದಾಖಲೆಯೂ ಬೇಕು. ಸದಸ್ಯರಿಗಷ್ಟೇ ಉಪಯೋಗವಾಗುವ ಯೋಜನೆಗೆ ಆ ಹಣ ಸಿಗುವುದಿಲ್ಲ.

ಹಂತ 6: ಸಂಘದಲ್ಲಿ ದುಡಿಯುವವರು ಮತ್ತು ಸಂಘಕ್ಕೆ ಬರುವವರು

ಸಾಮಾಜಿಕ ಹೊಣೆ ಶುರುವಾಗುವುದು ಕಚೇರಿಯ ಬಾಗಿಲು ತೆರೆಯುವ ಸಿಪಾಯಿಯಿಂದ. ವ್ಯವಸ್ಥಾಪಕ, ಸಿಪಾಯಿ, ಕಾವಲುಗಾರ, ಸ್ವಚ್ಛತೆಯವರು ಇವರಿಗೆ ನೇಮಕ ಪತ್ರವಿದೆಯೇ, ಸಂಬಳ ಬ್ಯಾಂಕ್ ಮೂಲಕ ಹೋಗುತ್ತದೆಯೇ, ರಾಜ್ಯ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯಿಲ್ಲವೇ ನೋಡಿ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಐದು ವರ್ಷದ ಹಿಂದಿನ ಸಂಬಳವನ್ನೇ ಮುಂದುವರಿಸಿ ದೀಪಾವಳಿಗೆ ಬಟ್ಟೆ ಕೊಟ್ಟರೆ ಹೊಣೆ ತೀರುವುದಿಲ್ಲ. ಗುತ್ತಿಗೆದಾರರ ಮೂಲಕ ಬಂದವರಾದರೂ ಅವರ ಕೈಗೆ ಎಷ್ಟು ಮುಟ್ಟುತ್ತದೆಂದು ಅವರನ್ನೇ ಕೇಳಿ.

ಕಟ್ಟಡದ ಶೌಚಗುಂಡಿ ತುಂಬಿದಾಗ ಯಾವ ಕಾರಣಕ್ಕೂ ಮನುಷ್ಯರನ್ನು ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಇದನ್ನು ಅಪರಾಧವೆಂದು ಸಾರಿದೆ. ಗುಂಡಿ, ಚರಂಡಿಗಳಲ್ಲಿ ಸಾವಿಗೀಡಾದವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಹೀರುಯಂತ್ರದ ವಾಹನವನ್ನೇ ತರಿಸಿ, ಎರಡು ದಿನ ಕಾಯಬೇಕಾದರೂ ಕಾಯಿರಿ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ನೋಂದಾಯಿತ ಸಂಘಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಕಡ್ಡಾಯ. ಅದರ ಅಧ್ಯಕ್ಷೆ ಮಹಿಳೆಯಾಗಿರಬೇಕು, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯ ದೂರು ಜಿಲ್ಲಾಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. ದೂರು ಕೊಡುವವರು ಸಂಘದ ನೌಕರರೇ ಆಗಿರಬೇಕೆಂದೇನೂ ಇಲ್ಲ. ದೂರನ್ನು ಮೂರು ತಿಂಗಳೊಳಗೆ ಕೊಡಬೇಕೆಂಬುದನ್ನು, ಸ್ಥಳೀಯ ಸಮಿತಿಯ ವಿಳಾಸವನ್ನು ಕನ್ನಡದಲ್ಲಿ ಬರೆದು ಕಚೇರಿಯಲ್ಲಿ ಅಂಟಿಸಿ. "ಹಿರಿಯರು, ಮಾತಾಡಿ ಮುಗಿಸೋಣ" ಎಂಬ ಸಂಧಾನಕ್ಕೆ ಪದಾಧಿಕಾರಿಗಳು ಇಳಿಯುವುದು ಸಂಘಕ್ಕೂ ದೂರುದಾರರಿಗೂ ಕೇಡು.

ಸಭಾಭವನಕ್ಕೆ ಗಾಲಿಕುರ್ಚಿ ಬರುವಂತಿದೆಯೇ ಎಂಬುದನ್ನು ಪರೀಕ್ಷಿಸಲು ಎಂಜಿನಿಯರು ಬೇಕಿಲ್ಲ. ಇಳಿಜಾರು ಪ್ರತಿ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು. ನಮ್ಮ ಕಟ್ಟಡಗಳಲ್ಲಿ ಕಾಣುವ ಇಳಿಜಾರುಗಳಲ್ಲಿ ಹಲವು ಸ್ಕೂಟರ್ ಹತ್ತಿಸಲು ಮಾಡಿದಂತಿವೆ.

ಸದಸ್ಯರ ಮೊಬೈಲ್ ಸಂಖ್ಯೆ, ವಿಳಾಸ, ಜನ್ಮದಿನಾಂಕಗಳಿರುವ ಪಟ್ಟಿಯನ್ನು ಪ್ರಾಯೋಜಕರಿಗೆ ಕೊಡುವ ರೂಢಿಯನ್ನು ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುತ್ತವೆ.

ಹಂತ 7: ಸಮ್ಮೇಳನ

ಸಂಘವೊಂದು ವರ್ಷವಿಡೀ ಮಾಡುವ ಕಸದ ಬಹುಪಾಲು ಎರಡು ದಿನಗಳ ಸಮ್ಮೇಳನದಲ್ಲಿ ಹುಟ್ಟುತ್ತದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳೊಂದಿಗೆ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ನಿಷೇಧಿಸಿದೆ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದ್ದು, ಅಲಂಕಾರದ ಥರ್ಮೋಕೋಲ್, ಸಿಹಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಆ ಪಟ್ಟಿಯಲ್ಲಿವೆ. ಅಂದರೆ ಅತಿಥಿಗಳಿಗೆ ಕೊಡುವ ಪೇಢೆಯ ಡಬ್ಬಿಯ ಮೇಲಿನ ತೆಳು ಹಾಳೆಯೂ ನಿಷಿದ್ಧವೇ. ಅಧ್ಯಕ್ಷರ ಭಾವಚಿತ್ರದ ಫ್ಲೆಕ್ಸನ್ನು ಚನ್ನಮ್ಮ ವೃತ್ತದಲ್ಲಿ ಕಟ್ಟಿ, ಒಳಗೆ ಪರಿಸರದ ಬಗ್ಗೆ ಗೋಷ್ಠಿ ನಡೆಸುವುದು ಹಾಸ್ಯಾಸ್ಪದ. ಬಟ್ಟೆಯ ಮೇಲೆ ವರ್ಷ ನಮೂದಿಸದೆ ಸಂಘದ ಹೆಸರನ್ನಷ್ಟೇ ಬರೆಸಿದರೆ ಹತ್ತು ವರ್ಷ ಬರುತ್ತದೆ.

ಅಡುಗೆಯವರೊಂದಿಗೆ ಮಾತಾಡುವಾಗಲೇ ಸ್ಟೀಲ್ ತಾಟು, ಲೋಟಗಳ ಬಾಡಿಗೆಯನ್ನೂ ತೊಳೆಯುವವರ ಕೂಲಿಯನ್ನೂ ದರದಲ್ಲಿ ಸೇರಿಸಿ. ಸೇರಿಸದಿದ್ದರೆ ಅಂದು ಬೆಳಗ್ಗೆ ಪೇಪರ್ ಪ್ಲೇಟ್ ಬಂದೇ ಬರುತ್ತದೆ. ಊಟದ ಸಂಖ್ಯೆಯನ್ನು ನೋಂದಣಿಯ ಮೇಲಲ್ಲ, ಹಿಂದಿನ ವರ್ಷ ನಿಜವಾಗಿ ಉಂಡವರ ಮೇಲೆ ಅಂದಾಜಿಸಿ. ರೊಟ್ಟಿ, ಎಣಗಾಯಿ, ಕಾಳುಪಲ್ಯ, ಅನ್ನ-ಸಾರು, ಒಂದು ಸಿಹಿ ಇದ್ದರೆ ಸಾಕು. ಇಪ್ಪತ್ತು ಬಗೆ ಮಾಡಿದಲ್ಲೇ ಹೆಚ್ಚು ಚೆಲ್ಲುತ್ತದೆ. ಉಳಿದದ್ದನ್ನು ಎಲ್ಲಿಗೆ ಕಳಿಸಬೇಕೆಂದು ಹಿಂದಿನ ದಿನವೇ ಮಾತಾಡಿಟ್ಟು, ಮಧ್ಯಾಹ್ನದ ಊಟ ಮುಗಿದ ಕೂಡಲೇ ಕಳಿಸಿ. ಸಂಜೆಯವರೆಗೆ ಇಟ್ಟ ಅನ್ನವನ್ನು ದಾನ ಮಾಡಬೇಡಿ.

ಪ್ರತಿನಿಧಿಗಳಿಗೆ ಕೊಡುವ ಕಿಟ್ ಬ್ಯಾಗನ್ನು ಕೈಬಿಡುವುದೇ ಒಳ್ಳೆಯದು. ಪ್ರತಿ ಸದಸ್ಯರ ಮನೆಯ ಅಟ್ಟದ ಮೇಲೆ ಅಂಥ ಚೀಲಗಳು ಸಾಕಷ್ಟಿವೆ. ಅತಿಥಿಗಳಿಗೆ ಹೊದಿಸುವ ಶಾಲು ಬೆಂಗೇರಿಯ ಖಾದಿಯಾಗಲಿ. 1957ರಲ್ಲಿ ಆರಂಭವಾದ, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘ ಹುಬ್ಬಳ್ಳಿಯಲ್ಲಿಯೇ ಇರುವಾಗ ಮಿರುಗುವ ಪಾಲಿಯೆಸ್ಟರ್ ಶಾಲಿನ ಅಗತ್ಯ ಕಾಣುವುದಿಲ್ಲ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದನ್ನು ಮನರಂಜನಾ ಕಾರ್ಯಕ್ರಮದವರಿಗೆ ಲಿಖಿತವಾಗಿ ತಿಳಿಸಿ.

ಹಂತ 8: ಕಟ್ಟಡ, ನೀರು, ವಿದ್ಯುತ್

ಮೊದಲು ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಸಾಲಾಗಿ ಇಟ್ಟು ನೋಡಿ. ತಿಂಗಳಿಗೆ ನಾಲ್ಕು ದಿನ ಬಳಸುವ ಭವನಕ್ಕೆ ದೊಡ್ಡ ಮಂಜೂರಾತಿ ಲೋಡ್ ಇದ್ದರೆ, ದೀಪ ಹಚ್ಚದಿದ್ದರೂ ನಿಗದಿತ ಶುಲ್ಕ ಕಟ್ಟುತ್ತಿರುತ್ತೀರಿ. ಲೋಡ್ ಇಳಿಸಲು ಅರ್ಜಿ ಕೊಡುವುದು ಸೌರಫಲಕ ಹಾಕಿಸುವುದಕ್ಕಿಂತ ಮೊದಲ ಕೆಲಸ. ಚಾವಣಿಯ ಸೌರಫಲಕಕ್ಕೆ ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ನಿರೀಕ್ಷಿಸಬಹುದು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ ಮನೆಗಳಿಗೆ ಇರುವುದು. ಸಂಘದ ಭವನಕ್ಕೆ ಸಿಗುತ್ತದೆಂದು ಹೇಳುವ ಮಾರಾಟಗಾರರ ಮಾತಿನ ಮೇಲೆ ಬಜೆಟ್ ಕಟ್ಟಬೇಡಿ.

ಮಳೆನೀರಿನ ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಚಾವಣಿಗೆ ವರ್ಷಕ್ಕೆ 700 ಮಿಲಿಮೀಟರ್ ಎಂದು ಹಿಡಿದು, ಐದನೇ ಒಂದು ಭಾಗ ಸೋರಿಹೋದರೂ 1 ಲಕ್ಷ ಲೀಟರಿಗಿಂತ ಹೆಚ್ಚು ಸಿಗುತ್ತದೆ. ಸವದತ್ತಿಯ ರೇಣುಕಾಸಾಗರದಿಂದ ಪಂಪ್ ಮಾಡಿ ತಂದ ನೀರನ್ನು ಅಂಗಳ ತೊಳೆಯಲು ಬಳಸುವ ಬದಲು ಇದನ್ನು ಬಳಸಬಹುದು. ಆದರೆ ಇಂಗುಗುಂಡಿಯ ನಕಾಶೆಯನ್ನು ಬೇರೆ ಊರಿನಿಂದ ತರಬೇಡಿ. ಧಾರವಾಡದ ಕೆಂಪು ಮಣ್ಣಿನಲ್ಲಿ ಇಂಗುವ ನೀರು ಹುಬ್ಬಳ್ಳಿಯಿಂದ ಗದಗದವರೆಗಿನ ಎರೆಮಣ್ಣಿನಲ್ಲಿ ಇಂಗುವುದಿಲ್ಲ. ಹಿಗ್ಗಿ ಕುಗ್ಗುವ ಆ ಮಣ್ಣಿನಲ್ಲಿ ತಳಪಾಯದ ಪಕ್ಕ ಗುಂಡಿ ತೋಡಿದರೆ ಗೋಡೆ ಬಿರಿಯುತ್ತದೆ. ಅಂಥಲ್ಲಿ ತೊಟ್ಟಿಯಲ್ಲಿ ಸಂಗ್ರಹಿಸುವುದೇ ಸರಿ.

ಹಳೆಯ ಕಂಪ್ಯೂಟರು, ಯುಪಿಎಸ್ ಬ್ಯಾಟರಿಗಳನ್ನು ಗುಜರಿಗೆ ಹಾಕದೆ ಅಧಿಕೃತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಕೊಡುವ ಮುನ್ನ ಸದಸ್ಯರ ಮಾಹಿತಿಯನ್ನು ಅಳಿಸಿ. ಸಸಿ ನೆಡುವುದಾದರೆ ಫೆಬ್ರುವರಿಯಿಂದ ಮೇವರೆಗೆ ನೀರು ಹಾಕುವವರ ಕೂಲಿಯನ್ನು ಎರಡು ಬೇಸಿಗೆಗಳಿಗೆ ಬಜೆಟ್ಟಿನಲ್ಲಿ ಇಟ್ಟ ಮೇಲೆಯೇ ನೆಡಿ.

ಹಂತ 9: ವರದಿ ಮತ್ತು ಹಸ್ತಾಂತರ

ವಾರ್ಷಿಕ ವರದಿಯಲ್ಲಿ ಅಢಾವೆ ಪತ್ರಿಕೆಯ (ಆಸ್ತಿ ಮತ್ತು ಹೊಣೆಗಳ ಪಟ್ಟಿ) ನಂತರ ಎರಡು ಪುಟ ಸೇರಿಸಿ. ಠೇವುಗಳ ಪಟ್ಟಿ, ಪ್ರಾಯೋಜಕರ ಹೆಸರು ಮತ್ತು ಮೊತ್ತ, ಪದಾಧಿಕಾರಿಗಳ ಸ್ವಹಿತದ ಘೋಷಣೆಗಳು, ನೌಕರರ ಸಂಬಳದ ವಿವರ, ವಿದ್ಯುತ್ ಯೂನಿಟ್‌ಗಳು, ಟ್ಯಾಂಕರ್ ನೀರಿನ ಖರ್ಚು, ಹಿಂದಿನ ವರ್ಷ ನೆಟ್ಟ ಸಸಿಗಳಲ್ಲಿ ಬದುಕಿದವು ಎಷ್ಟು ಎಂಬುದು ಅದರಲ್ಲಿರಲಿ. ಫೋಟೋಗಳು ಬೇಡ, ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲಿ ಅಚ್ಚುಹಾಕಿ. ಈ ಪುಟಗಳನ್ನು ಸಭೆಗೆ ಬಂದಾಗ ಹಂಚದೆ, ಸಭೆಯ ಸೂಚನಾಪತ್ರದೊಂದಿಗೇ ಸದಸ್ಯರಿಗೆ ಕಳಿಸಿ, ಓದಿಕೊಂಡು ಬಂದು ಪ್ರಶ್ನೆ ಕೇಳಲು ಅವರಿಗೆ ಅವಕಾಶವಾಗಲಿ.

ಚುನಾವಣೆ ಮುಗಿದ ಮೊದಲ ವಾರದಲ್ಲಿ ಬ್ಯಾಂಕಿನ ಸಹಿದಾರರನ್ನು ಬದಲಿಸುವ ಠರಾವಿನ ಜೊತೆಗೆ ಇನ್ನೊಂದು ಕೆಲಸ ಮಾಡಿ. ಆದಾಯ ತೆರಿಗೆ ಮತ್ತು ಜಿಎಸ್‌ಟಿ ತಾಣಗಳಲ್ಲಿ, ಹೆಸ್ಕಾಂ ಖಾತೆಯಲ್ಲಿ, ಬ್ಯಾಂಕಿನ ಸಂದೇಶ ಸೇವೆಯಲ್ಲಿ ಯಾರ ಮೊಬೈಲ್ ಸಂಖ್ಯೆ, ಯಾರ ಇಮೇಲ್ ನೋಂದಣಿಯಾಗಿದೆ ಎಂದು ನೋಡಿ. ಎಷ್ಟೋ ಸಂಘಗಳಿಗೆ ಬಂದ ನೋಟಿಸುಗಳು ಎರಡು ಅವಧಿಯ ಹಿಂದಿನ ಕಾರ್ಯದರ್ಶಿಯ ಇಮೇಲಿನಲ್ಲಿ ಓದದೆ ಬಿದ್ದಿರುತ್ತವೆ, ಉತ್ತರಿಸುವ ಗಡುವು ಮುಗಿದ ಮೇಲೆ ದಂಡದ ಆದೇಶ ಮಾತ್ರ ಕಚೇರಿಯ ವಿಳಾಸಕ್ಕೆ ಬರುತ್ತದೆ. ಸಂಘದ ಹೆಸರಿನಲ್ಲಿಯೇ ಒಂದು ಇಮೇಲ್ ಮತ್ತು ಒಂದು ಸಿಮ್ ಪಡೆದು, ಆ ಫೋನನ್ನು ಕಚೇರಿಯಲ್ಲಿಯೇ ಇಡಿ. ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಹಾಕಿ, ಹಸ್ತಾಂತರ ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ.